30 ಸಾವಿರದಲ್ಲಿ ಮೊದಲನೇ ಡೆಸ್ಕ್‌ಟಾಪ್, ಈ ಐ7 ಕೊಟೇಶನ್ ತಗೋಬಹುದಾ? (ತುಮಕೂರು)

ನಿಟ್ಟೂರು_ಹುಡುಗ

ಎಲ್ರಿಗೂ ನಮಸ್ಕಾರ. ನಂದು ಗುಬ್ಬಿ ತಾಲೂಕು, ನಿಟ್ಟೂರು ಹತ್ರ ಹಳ್ಳಿ, ತುಮಕೂರಲ್ಲಿ ಬಿಸಿಎ ಎರಡನೇ ವರ್ಷ ಓದ್ತಾ ಇದೀನಿ. ಇಷ್ಟು ದಿನ ಕಾಲೇಜ್ ಲ್ಯಾಬಲ್ಲೇ ಎಲ್ಲಾ ಮಾಡ್ಕೊಂಡು ಬಂದೆ, ಆದ್ರೆ ಲ್ಯಾಬ್ ಸಿಗೋದೇ ವಾರಕ್ಕೆ ಕೆಲವು ಗಂಟೆ, ಮನೇಲಿ ಫೋನಲ್ಲಿ ಕೋಡ್ ಬರಿಯೋ ಕಷ್ಟ ಬರೆದವ್ರಿಗೇ ಗೊತ್ತು. ಈ ಸಲ ಕೊಬ್ಬರಿ ಮಾರಿದ ದುಡ್ಡಲ್ಲಿ ಅಪ್ಪ 30 ಸಾವಿರ ಕೊಡ್ತೀನಿ ಅಂದಿದಾರೆ. ಮಾನಿಟರ್, ಕೀಬೋರ್ಡ್, ಮೌಸ್ ಎಲ್ಲಾ ಸೇರಿ ಅದ್ರಲ್ಲೇ ಮುಗೀಬೇಕು, ಮತ್ತೆ ಕೇಳೋ ಹಾಗಿಲ್ಲ, ತಂಗಿ ಪಿಯುಸಿ ಅಡ್ಮಿಶನ್ನೂ ಇದೇ ವರ್ಷ ಇದೆ.

ಕೆಲಸ ಏನಂದ್ರೆ ಜಾವಾ, ವಿಎಸ್ ಕೋಡ್, ಮುಂದಿನ ಸೆಮ್‌ನಲ್ಲಿ ಆಪ್ ಪ್ರಾಜೆಕ್ಟ್ ಇರೋದ್ರಿಂದ ಆಂಡ್ರಾಯ್ಡ್ ಸ್ಟುಡಿಯೋ. ಗೇಮ್ ಆಡಲ್ಲ. ಕನಿಷ್ಠ ನಾಲ್ಕೈದು ವರ್ಷ ಬರ್ಬೇಕು.

ತುಮಕೂರಲ್ಲಿ ಒಂದು ಅಂಗಡೀಲಿ ಕೊಟೇಶನ್ ತಗೊಂಡೆ: ಕೋರ್ ಐ7 ಪ್ರೊಸೆಸರ್, ಎಚ್61 ಬೋರ್ಡ್ (ಹೊಸದು, ಒಂದು ವರ್ಷ ವಾರಂಟಿ), 16 ಜಿಬಿ ಡಿಡಿಆರ್3 ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಜಿಟಿ 730 4 ಜಿಬಿ ಗ್ರಾಫಿಕ್ಸ್ ಕಾರ್ಡ್, 450 ವ್ಯಾಟ್ ಎಸ್‌ಎಂಪಿಎಸ್ (ಒಳಗಿನ ಪಾರ್ಟ್‌ಗಳಿಗೆ ಕರೆಂಟ್ ಕೊಡೋ ಡಬ್ಬಿ), ಲೈಟ್ ಇರೋ ಕ್ಯಾಬಿನೆಟ್, 20 ಇಂಚು ಮಾನಿಟರ್, ಕೀಬೋರ್ಡ್ ಮೌಸ್, ಎಲ್ಲಾ ಸೇರಿ 24,500. ಕ್ಲಾಸಲ್ಲಿ ಫ್ರೆಂಡ್ಸ್ ಐ7 ಅಂದ ತಕ್ಷಣ ಸೂಪರ್ ತಗೋ ಅಂತಿದಾರೆ. ಆದ್ರೆ ಬೇರೆ ಕಡೆ ಹೊಸ ಐ3ಗೇ ಇದಕ್ಕಿಂತ ಜಾಸ್ತಿ ಹೇಳಿದ್ರು, ಐ7 ಹೇಗೆ ಕಮ್ಮಿಗೆ ಬರುತ್ತೆ ಅಂತ ಡೌಟ್ ಬಂತು. ತಿಳಿದವ್ರು ಹೇಳಿ ಪ್ಲೀಸ್.

ಸಿರಾ_ಸರ್ವೀಸ್

ತಮ್ಮಾ, ಅಡ್ವಾನ್ಸ್ ಕೊಟ್ಟಿಲ್ಲ ತಾನೇ? ಕೊಡ್ಬೇಡ. ನಿಂಗೆ ಬಂದಿರೋ ಡೌಟ್ ಸರಿಯಾಗೇ ಇದೆ.

ನಾನು ಸಿರಾದಲ್ಲಿ ಕಂಪ್ಯೂಟರ್ ರಿಪೇರಿ ಮಾಡೋನು, ಈ ತರದ ಸೆಟ್ ನನ್ ಟೇಬಲ್ ಮೇಲೆ ಬರ್ತಾನೇ ಇರ್ತವೆ. ಕೊಟೇಶನಲ್ಲಿ ಐ7 ಅಂತ ಬರ್ದಿದಾರೆ, ಎಷ್ಟನೇ ಜನರೇಶನ್ ಅಂತ ಬರ್ದಿಲ್ಲ ನೋಡು, ಇಡೀ ಕಾಗದದಲ್ಲಿ ಮುಖ್ಯವಾದ ಮಾತೇ ಅದು. ಎಚ್61 ಅನ್ನೋದು 2011ರ ಚಿಪ್‌ಸೆಟ್ (ಯಾವ ಪ್ರೊಸೆಸರ್ ಕೂರುತ್ತೆ ಅಂತ ತೀರ್ಮಾನಿಸೋ ಬೋರ್ಡಿನ ಮುಖ್ಯ ಚಿಪ್), ಅದ್ರ ಮೇಲೆ ಕೂರೋದು ಎರಡನೇ ಇಲ್ಲಾ ಮೂರನೇ ಜನರೇಶನ್ ಪ್ರೊಸೆಸರ್ ಅಷ್ಟೇ, ಅಂದ್ರೆ ನಿಂಗೆ ಸಿಗೋದು 2600 ಇಲ್ಲಾ 3770. ಈ 3770 ಮಾರ್ಕೆಟ್ಟಿಗೆ ಬಂದಿದ್ದು 2012ರಲ್ಲಿ, ಯಾವ್ದೋ ಆಫೀಸಲ್ಲಿ ವರ್ಷಗಟ್ಲೆ ಓಡಿ ಬಿಚ್ಚಿ ತೆಗೆದಿರೋದು. ಬೋರ್ಡ್ ಹೊಸದು ಅನ್ನೋದು ನಿಜಾನೇ ಇರ್ಬಹುದು, ಆ ಹಳೇ ಚಿಪ್‌ಸೆಟ್ ಹಾಕಿ ಈಗ್ಲೂ ಬೋರ್ಡ್ ತಯಾರಿಸಿ ಮಾರ್ತಾರೆ, ಅದಕ್ಕೇ ಒಂದು ವರ್ಷ ವಾರಂಟಿ ಕೊಡೋಕಾಗೋದು.

ಈಗ ಹೋಲಿಸು. ಐ7 3770ಗೆ 4 ಕೋರ್ 8 ಥ್ರೆಡ್ (ಕೋರ್ ಅಂದ್ರೆ ಕೆಲಸ ಮಾಡೋ ಘಟಕ, ಥ್ರೆಡ್ ಅಂದ್ರೆ ಒಟ್ಟಿಗೆ ನಡೆಸೋ ಕೆಲಸದ ಸಾಲು). 2022ರಲ್ಲಿ ಬಂದ ಐ3 12100ಗೂ 4 ಕೋರ್ 8 ಥ್ರೆಡ್. ಲೆಕ್ಕ ಒಂದೇ, ಆದ್ರೆ ಒಂದೊಂದು ಕೋರ್ ಮಾಡೋ ಕೆಲಸದಲ್ಲಿ ಐ3 ಬಹಳ ಮುಂದೆ ಇದೆ. ಐ3, ಐ5, ಐ7 ಅನ್ನೋದು ಒಂದೇ ಜನರೇಶನ್ ಒಳಗೆ ಮಾತ್ರ ಹೋಲಿಸೋಕೆ, ಹತ್ತು ವರ್ಷ ಆಚೆ ಈಚೆ ಇಟ್ಟು ಹೋಲಿಸಿದ್ರೆ ಅರ್ಥಾನೇ ಇಲ್ಲ.

ವಿಂಡೋಸ್ ವಿಷ್ಯಾನೂ ಇದೆ. ವಿಂಡೋಸ್ 10ಗೆ ಮೈಕ್ರೋಸಾಫ್ಟ್ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 11ಗೆ ಇಂಟೆಲ್ ಆದ್ರೆ ಎಂಟನೇ ಜನರೇಶನ್ ಮೇಲೆ ಇರ್ಬೇಕು, ಟಿಪಿಎಂ 2.0 (ಸೆಕ್ಯೂರಿಟಿ ಚಿಪ್) ಇರ್ಬೇಕು. ಮೂರನೇ ಜನರೇಶನ್‌ಗೆ ಹೇಗೋ ಬೈಪಾಸ್ ಮಾಡಿ ಹಾಕಿ ಕೊಡ್ತಾರೆ, ಇವತ್ತು ಓಡುತ್ತೆ, ನಾಳೆ ದೊಡ್ಡ ಅಪ್‌ಡೇಟ್ ಬಂದಾಗ ಏನಾಗುತ್ತೋ ಗ್ಯಾರಂಟಿ ಇಲ್ಲ.

ಜಿಟಿ 730 2014ರ ಕಾರ್ಡು. 4 ಜಿಬಿ ಅಂತ ಕೇಳೋಕೆ ಚೆನ್ನಾಗಿರುತ್ತೆ, ಆದ್ರೆ ಅದು ಮೆಮೊರಿ ಅಳತೆ, ಕಾರ್ಡಿನ ಶಕ್ತಿ ಅಲ್ಲ, ಆಂಡ್ರಾಯ್ಡ್ ಸ್ಟುಡಿಯೋಗೆ ಅದ್ರಿಂದ ಕಿಂಚಿತ್ತೂ ಉಪಯೋಗ ಇಲ್ಲ, ಕೊಟೇಶನ್ ತೂಕ ಬರ್ಲಿ ಅಂತ ಸೇರಿಸಿರೋದು. ಎಸ್‌ಎಂಪಿಎಸ್ ಮುಂದೆ ಕಂಪ್ನಿ ಹೆಸ್ರೇ ಇಲ್ಲ, 450 ಅಂತ ಸ್ಟಿಕರ್ ಯಾರ್ ಬೇಕಾದ್ರೂ ಅಂಟಿಸಬಹುದು. ಕೆಟ್ಟ ಎಸ್‌ಎಂಪಿಎಸ್ ಹೋಗುವಾಗ ಒಂದೊಂದ್ ಸಲ ಬೋರ್ಡು ಎಸ್‌ಎಸ್‌ಡಿ ಎರಡನ್ನೂ ಕರ್ಕೊಂಡೇ ಹೋಗೋದು, ಇದನ್ನ ಮಾತ್ರ ನಿಂಗೆ ಒತ್ತಿ ಹೇಳ್ತೀನಿ.

ನನ್ ಸಲಹೆ: ಐ3 12100, ಎಚ್610 ಬೋರ್ಡು, 8 ಜಿಬಿ ಡಿಡಿಆರ್4 ಒಂದೇ ಸ್ಟಿಕ್, 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, 80 ಪ್ಲಸ್ (ಕರೆಂಟ್ ಪೋಲು ಮಾಡಲ್ಲ ಅನ್ನೋ ಸರ್ಟಿಫಿಕೇಟ್) ಇರೋ ಹೆಸರುವಾಸಿ ಕಂಪ್ನಿ ಎಸ್‌ಎಂಪಿಎಸ್, ಸಾದಾ ಕ್ಯಾಬಿನೆಟ್. ಇನ್ನೊಂದು ರ‍್ಯಾಮ್ ಸ್ಲಾಟ್ ಖಾಲಿ ಇರುತ್ತೆ, ಮುಂದೆ ಹಾಕ್ಕೋ. ಎರಡು ಕಡೆ ಹುಷಾರು. 12100ಎಫ್ ಅಂತ ಕೊಡೋಕೆ ಬಂದ್ರೆ ಬೇಡ ಅನ್ನು, ಎಫ್ ಇದ್ರೆ ಒಳಗೆ ಗ್ರಾಫಿಕ್ಸ್ ಇರಲ್ಲ, ಕಾರ್ಡ್ ಇಲ್ದೆ ಸ್ಕ್ರೀನಲ್ಲಿ ಏನೂ ಬರಲ್ಲ. ಎಚ್610ರಲ್ಲಿ ಡಿಡಿಆರ್4 ಬೋರ್ಡೂ ಇದೆ ಡಿಡಿಆರ್5 ಬೋರ್ಡೂ ಇದೆ, ಒಂದರ ರ‍್ಯಾಮ್ ಇನ್ನೊಂದಕ್ಕೆ ಕೂರಲ್ಲ. ರೈಝೆನ್ 5 5600ಜಿ ಕೂಡ ಒಳ್ಳೇದೇ, 6 ಕೋರ್ 12 ಥ್ರೆಡ್, ಗ್ರಾಫಿಕ್ಸ್ ಒಳಗೇ ಇದೆ, ಆದ್ರೆ ಅದ್ರ ಗ್ರಾಫಿಕ್ಸ್ ರ‍್ಯಾಮನ್ನೇ ಹಂಚ್ಕೊಳ್ಳೋದ್ರಿಂದ ಎರಡು ಸ್ಟಿಕ್ ಹಾಕಿದ್ರೇನೇ ಚೆನ್ನಾಗಿ ಓಡೋದು, ನಿನ್ ಬಜೆಟ್ಟಿಗೆ ಅಲ್ಲಿ ಭಾರ ಆಗುತ್ತೆ.

ಶಿಡ್ಲಘಟ್ಟ_ರೇಷ್ಮೆ

ಸಿರಾ ಅಣ್ಣ ಕೊಟೇಶನ್ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ಆದ್ರೆ ಹೊಸ ಅಸೆಂಬಲ್ ಸೆಟ್ 30 ಸಾವಿರದಲ್ಲಿ ಮಾನಿಟರ್ ಸಮೇತ ಈಗ ಕೂರಲ್ಲ ಅಣ್ಣ. 2025ರ ಕೊನೆಯಿಂದ ರ‍್ಯಾಮ್ ರೇಟ್ ಎಲ್ಲಿಗೆ ಹೋಗಿದೆ ಅಂತ ನೀವೇ ನೋಡ್ತಾ ಇದೀರಲ್ಲ, ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಹೋಗ್ತಾ ಇದೆ, ನಮ್ಮಂಥವ್ರು ತಗೊಳ್ಳೋ ಡಿಡಿಆರ್4 ಕೂಡ ಏರಿ ಕೂತಿದೆ, ಎಸ್‌ಎಸ್‌ಡಿನೂ ಅದ್ರ ಹಿಂದೇನೇ. 8 ಜಿಬಿ ಹಾಕ್ಕೊಂಡು ಆಂಡ್ರಾಯ್ಡ್ ಸ್ಟುಡಿಯೋ ಎಮ್ಯುಲೇಟರ್ (ಕಂಪ್ಯೂಟರ್ ಒಳಗೇ ಫೋನ್ ತರ ಓಡೋ ಸಾಫ್ಟ್‌ವೇರ್) ಓಡ್ಸು ಅಂದ್ರೆ ಹುಡುಗ ಅಳ್ತಾ ಕೂರ್ತಾನೆ. ಎಮ್ಯುಲೇಟರ್ ಬೇಕಂದ್ರೆ 16 ಜಿಬಿ ಇರ್ಲೇಬೇಕು.

ಅದಕ್ಕೆ ನಾನು ಹೇಳೋದು ರಿಫರ್ಬಿಶ್ಡ್ ಆಫೀಸ್ ಸೆಟ್, ಅಂದ್ರೆ ಬಳಸಿದ್ದನ್ನ ಸರಿ ಮಾಡಿ ಮಾರೋದು. ಬೆಂಗಳೂರಿನ ಕಂಪ್ನಿಗಳು ಲೀಸ್ ಮುಗಿದ ಮೇಲೆ ಡೆಸ್ಕ್‌ಟಾಪ್‌ಗಳನ್ನ ಲಾಟ್ ಲೆಕ್ಕದಲ್ಲಿ ತೆಗೆದುಹಾಕ್ತವೆ. ಡೆಲ್ ಆಪ್ಟಿಪ್ಲೆಕ್ಸ್ 3060 ಇಲ್ಲಾ 5060, ಎಚ್‌ಪಿ ಪ್ರೋಡೆಸ್ಕ್ 600 ಜಿ4, ಲೆನೊವೊ ಥಿಂಕ್‌ಸೆಂಟರ್ ಎಂ720, ಇವೆಲ್ಲಾ ಎಂಟನೇ ಜನರೇಶನ್, ಐ5 8500 ಅಂದ್ರೆ 6 ಕೋರ್, ವಿಂಡೋಸ್ 11 ಯಾವ ಬೈಪಾಸೂ ಇಲ್ದೆ ಓಡುತ್ತೆ. ಆರು ಏಳನೇ ಜನರೇಶನ್‌ವು ಇನ್ನೂ ಕಮ್ಮಿಗೆ ಸಿಗ್ತವೆ, ವಿಂಡೋಸ್ 11 ಲಿಸ್ಟಲ್ಲಿ ಇಲ್ಲ ಅಂತಾನೇ ಕಮ್ಮಿ ಆಗಿರೋದು, ಆಸೆ ಬೀಳ್ಬೇಡ. ದೊಡ್ಡ ಲಾಭ ಏನಂದ್ರೆ ರ‍್ಯಾಮ್ ಒಳಗೇ ಇರುತ್ತೆ, ವಿಂಡೋಸ್ ಪ್ರೋ ಜೊತೆ ಬಂದ ಸೆಟ್ ಆದ್ರೆ ಲೈಸೆನ್ಸ್ ಕೀ ಬಯೋಸಲ್ಲೇ (ಬೋರ್ಡಲ್ಲೇ ಇರೋ, ಆನ್ ಆದಾಗ ಮೊದ್ಲು ಓಡೋ ಸಾಫ್ಟ್‌ವೇರ್) ಕೂತಿರುತ್ತೆ, ಹೊಸದಾಗಿ ಇನ್‌ಸ್ಟಾಲ್ ಮಾಡಿದ್ರೂ ತಾನಾಗೇ ಆಕ್ಟಿವೇಟ್ ಆಗುತ್ತೆ. ಅಸೆಂಬಲ್ ಸೆಟ್ಟಿಗೆ ಅದನ್ನ ಬೇರೆ ದುಡ್ಡು ಕೊಟ್ಟು ತಗೋಬೇಕು, ಇಲ್ಲಾ ಕ್ರ್ಯಾಕ್ ಹಾಕಿ ಕೊಡ್ತಾರೆ, ಅದ್ರ ಜೊತೆ ಏನೇನು ಬಂದು ಸೇರ್ಕೊಳ್ಳುತ್ತೋ ಗೊತ್ತಿಲ್ಲ.

ನಮ್ಮಣ್ಣನ ಮಗಳು ಇಂಥದ್ದರಲ್ಲೇ ಡಿಗ್ರಿ ಮುಗಿಸಿದ್ಲು, ಈಗ್ಲೂ ಅದ್ರಲ್ಲೇ ಕೆಲಸ ಮಾಡ್ತಿದಾಳೆ.

ಸಿರಾ_ಸರ್ವೀಸ್

ರಿಫರ್ಬಿಶ್ಡ್ ಬೇಡ ಅಂತ ನಾನೂ ಹೇಳಲ್ಲ, ಆದ್ರೆ ಹುಡುಗನಿಗೆ ಅದ್ರ ಕಷ್ಟಾನೂ ಗೊತ್ತಿರ್ಲಿ. ಆಪ್ಟಿಪ್ಲೆಕ್ಸ್ ಎಸ್‌ಎಂಪಿಎಸ್ ಎಲ್ಲಾ ಕಡೆ ಸಿಗೋ ಸ್ಟ್ಯಾಂಡರ್ಡ್ ಎಸ್‌ಎಂಪಿಎಸ್ ಅಲ್ಲ, ಕನೆಕ್ಟರೇ ಬೇರೆ, ಹೋದ್ರೆ ಅದೇ ಮಾಡೆಲ್ಲು ಹುಡುಕ್ಬೇಕು. ಬೋರ್ಡ್ ಹೋದ್ರೂ ಅದೇ ಕಥೆ. ಹೊಸ ಸೆಟ್ ಆದ್ರೆ ಪ್ರೊಸೆಸರ್‌ಗೆ 3 ವರ್ಷ ಕಂಪ್ನಿ ವಾರಂಟಿ ಇರುತ್ತೆ, ಯಾವ ಪಾರ್ಟ್ ಹೋಯ್ತೋ ಅದೊಂದನ್ನ ಬದಲಾಯಿಸಿದ್ರೆ ಆಯ್ತು, ತುಮಕೂರಲ್ಲೇ ಸಿಗುತ್ತೆ.

ಆದ್ರೂ ರ‍್ಯಾಮ್ ರೇಟ್ ವಿಷ್ಯಕ್ಕೆ ಒಪ್ಪಿದೆ. 30 ಸಾವಿರಾನೇ ಕೊನೆ ಅಂದ್ರೆ ನಿಮ್ ದಾರೀನೇ ಸರಿ. ಆದ್ರೆ ಟವರ್ ಮಾಡೆಲ್ಲೇ ತಗೋ ತಮ್ಮಾ, ತೆಳ್ಳಗಿರೋ ಎಸ್‌ಎಫ್‌ಎಫ್ ಬೇಡ, ಅದಕ್ಕೆ ಮುಂದೆ ಕಾರ್ಡ್ ಹಾಕ್ಬೇಕಂದ್ರೂ ಗಿಡ್ಡದು ಮಾತ್ರ ಹಿಡಿಸುತ್ತೆ. ಅಂಗೈ ಅಗಲದ ಮಿನಿ ಅಂತೂ ಬೇಡ್ವೇ ಬೇಡ, ಅದಕ್ಕೆ ಲ್ಯಾಪ್‌ಟಾಪ್ ರ‍್ಯಾಮ್.

ಕೋಲಾರ_ವೈರಿಂಗ್

ಕಂಪ್ಯೂಟರ್ ಬಗ್ಗೆ ಇವ್ರಿಬ್ರು ಹೇಳಿದ್ದಾರೆ, ನಾನು ಎಲೆಕ್ಟ್ರಿಷಿಯನ್, ನನ್ ಕಡೆ ವಿಷ್ಯ ಹೇಳ್ತೀನಿ, ದಯವಿಟ್ಟು ಕೊನೇವರ್ಗೂ ಓದಪ್ಪ. ಹಳ್ಳಿ ಮನೆ ಅಂದ್ಯಲ್ಲ, ಪಾಯಿಂಟಲ್ಲಿ ಮೂರನೇ ತೂತಿಗೆ ಅರ್ತಿಂಗ್ ನಿಜವಾಗ್ಲೂ ಬಂದಿದ್ಯಾ? ಬಹಳ ಮನೇಲಿ ಮೂರು ಪಿನ್ ಸಾಕೆಟ್ ಹಾಕಿರ್ತಾರೆ, ಅರ್ತ್ ವೈರ್ ಎಲ್ಲಿಗೂ ಹೋಗಿರಲ್ಲ. ಆಗ ಏನಾಗುತ್ತೆ ಗೊತ್ತಾ, ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದಾನೂ ನ್ಯೂಟ್ರಲ್‌ನಿಂದಾನೂ ಬಾಡಿಗೆ ಸಣ್ಣ ಕೆಪಾಸಿಟರ್ ಹಾಕಿರ್ತಾರೆ, ಫಿಲ್ಟರ್‌ಗೆ ಅಂತ, ಅರ್ತಿಂಗ್ ಇದ್ರೆ ಅದ್ರ ಸೋರಿಕೆ ನೆಲಕ್ಕೆ ಹೋಗುತ್ತೆ, ಇಲ್ದಿದ್ರೆ ಕ್ಯಾಬಿನೆಟ್ಟಿನ ಕಬ್ಬಿಣದ ಬಾಡಿ ಮೇಲೆ ಮೇನ್ಸ್‌ನ ಸುಮಾರು ಅರ್ಧ ವೋಲ್ಟೇಜ್ ತೇಲ್ತಾ ಇರುತ್ತೆ. ಕರೆಂಟ್ ಕಮ್ಮಿ ಇರೋದ್ರಿಂದ ಜುಮ್ ಅನ್ನುತ್ತೆ ಅಷ್ಟೇ, ಆದ್ರೆ ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಮುಟ್ಟೋದು ಬೇಡ, ಯುಎಸ್‌ಬಿ ಪೋರ್ಟ್‌ಗೂ ಒಳ್ಳೇದಲ್ಲ. ಇನ್ನು ಎಸ್‌ಎಂಪಿಎಸ್ಸೇ ಒಳಗೆ ಶಾರ್ಟ್ ಆದ್ರೆ ಆಗ ಕಾಪಾಡೋದು ಅರ್ತಿಂಗ್ ಒಂದೇ.

ನಿಮ್ಮೂರ ವೈರ್‌ಮ್ಯಾನ್ ಕೈಲಿ ಟೆಸ್ಟ್ ಲ್ಯಾಂಪ್ ಹಿಡಿಸಿ ನೋಡಿಸು, ಫೇಸ್‌ಗೂ ಅರ್ತಿಗೂ ಕೊಟ್ಟಾಗ ಬಲ್ಬು ಫೇಸ್ ನ್ಯೂಟ್ರಲ್‌ಗೆ ಕೊಟ್ಟಷ್ಟೇ ಪ್ರಕಾಶವಾಗಿ ಉರೀಬೇಕು. ಮಂಕಾಗಿ ಉರಿದ್ರೆ ಅರ್ತಿಂಗ್ ಗುಂಡಿ ಒಣಗಿದೆ ಅಂತ ಅರ್ಥ, ಇದ್ದಲು ಉಪ್ಪು ಹಾಕಿದ ಗುಂಡಿಗೆ ಬೇಸಿಗೇಲಿ ನೀರು ಹಾಕ್ತಾ ಇರ್ಬೇಕು. ಗುಂಡೀನೇ ಇಲ್ಲ ಅಂದ್ರೆ ಮೊದ್ಲು ಅದನ್ನ ಮಾಡ್ಸು. ನಾಲ್ಕು ಸಾವಿರದ ಮಾನಿಟರ್ ಹಳೇದಿದ್ರೂ ನಡಿಯುತ್ತೆ, ಇದು ಇಲ್ದೆ ನಡಿಯಲ್ಲ.

ಆಮೇಲೆ ಯುಪಿಎಸ್. ಮನೇಲಿ ಈಗಾಗ್ಲೇ ಇನ್ವರ್ಟರ್ ಇದ್ಯಾ? ಇದ್ರೆ ಅದ್ರ ಹಿಂದೆ ಇಲ್ಲಾ ಮುಂದೆ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಅಂತ ಒಂದು ಸ್ವಿಚ್ ಇರುತ್ತೆ, ಯುಪಿಎಸ್ ಮೋಡಿಗೆ ಹಾಕು, ಕರೆಂಟ್ ಹೋದಾಗ ಬೇಗ ಚೇಂಜ್ ಓವರ್ ಆಗಿ ಕಂಪ್ಯೂಟರ್ ಆಫ್ ಆಗಲ್ಲ. ಆ ದುಡ್ಡು ನಿಂಗೆ ಉಳೀತು. ಇಲ್ದಿದ್ರೆ 600 ವಿಎ ಯುಪಿಎಸ್ ಸಾಕು, ಫೈಲ್ ಸೇವ್ ಮಾಡಿ ಶಟ್‌ಡೌನ್ ಮಾಡೋಷ್ಟು ಟೈಮ್ ಸಿಗುತ್ತೆ, ಅದ್ರ ಮೇಲೆ ಕೆಲಸ ಮಾಡ್ತಾ ಕೂರೋಕಲ್ಲ.

ನಿಟ್ಟೂರು_ಹುಡುಗ

ಇಷ್ಟು ಜನ ಇಷ್ಟು ವಿವರವಾಗಿ ಬರೀತೀರಾ ಅಂದ್ಕೊಂಡಿರ್ಲಿಲ್ಲ, ತುಂಬಾ ಥ್ಯಾಂಕ್ಸ್ ಅಣ್ಣಂದಿರಾ. ಅಂಗಡಿಗೆ ಫೋನ್ ಮಾಡಿ ಎಷ್ಟನೇ ಜನರೇಶನ್ ಅಂತ ಕೇಳ್ದೆ, ಥರ್ಡ್ ಜನರೇಶನ್, ಆದ್ರೆ ಐ7 ಅಲ್ವಾ ಅಂದ್ರು. ಅದನ್ನ ಬಿಟ್ಟೆ.

ಮನೇಲಿ ಇನ್ವರ್ಟರ್ ಇದೆ, ಸ್ವಿಚ್ ನೋಡ್ದೆ, ನಾರ್ಮಲ್ ಮೋಡಲ್ಲೇ ಇತ್ತು. ಅರ್ತಿಂಗ್ ಗುಂಡಿ ಎಲ್ಲಿದೆ ಅಂತ ಅಪ್ಪಂಗೂ ಗೊತ್ತಿಲ್ಲ, ವೈರ್‌ಮ್ಯಾನ್‌ಗೆ ಬರೋಕೆ ಹೇಳಿದಾರೆ.

ರಿಫರ್ಬಿಶ್ಡ್ ಟವರ್ ಅಂತ ತೀರ್ಮಾನ ಮಾಡ್ತಾ ಇದೀನಿ. ಇನ್ನೂ ಕೇಳ್ಬೇಕು: ಬೆಂಗಳೂರಿನ ಎಸ್‌ಪಿ ರೋಡಿಗೆ (ಕಂಪ್ಯೂಟರ್ ಅಂಗಡಿಗಳಿರೋ ಬೀದಿ) ಹೋಗೋದಾ ಇಲ್ಲಾ ಆನ್‌ಲೈನಾ? ಅಂಗಡೀಲಿ ನಿಂತು ಏನು ಚೆಕ್ ಮಾಡ್ಬೇಕು? ಮತ್ತೆ ಮನೇಲಿ 32 ಇಂಚು ಟಿವಿ ಇದೆ, ಮಾನಿಟರ್ ಬದಲು ಅದನ್ನೇ ಹಾಕ್ಕೊಂಡ್ರೆ ದುಡ್ಡು ಉಳಿಯಲ್ವಾ?

ತಿಪಟೂರಕ್ಕ

ಟಿವಿ ಬೇಡ ಕಣೋ. ಮನೆಗಳಲ್ಲಿರೋ 32 ಇಂಚು ಟಿವಿ ಬಹಳಷ್ಟು ಎಚ್‌ಡಿ ರೆಡಿ, ಅಂದ್ರೆ 1366 x 768, ಅಷ್ಟು ದೊಡ್ಡ ಪರದೆ ಮೇಲೆ ಅಷ್ಟೇ ಚುಕ್ಕಿ ಅಂದ್ರೆ ಹತ್ರ ಕೂತು ಕೋಡ್ ಓದೋಕೆ ಅಕ್ಷರ ಎಲ್ಲಾ ಒಡೆದ ಹಾಗೆ ಕಾಣುತ್ತೆ, ಕಣ್ಣು ಉರಿಯುತ್ತೆ. ಮೇಲಾಗಿ ಸಂಜೆ ಮನೆಯವ್ರು ಟಿವಿ ನೋಡ್ಬೇಕು, ನೀನು ಓದ್ಬೇಕು. 22 ಇಂಚು ಫುಲ್ ಎಚ್‌ಡಿ ಐಪಿಎಸ್ ಮಾನಿಟರ್ ಸೆಕೆಂಡ್ಸ್‌ನಲ್ಲಿ ನೋಡು, ಬಿಳಿ, ಕಪ್ಪು, ಕೆಂಪು ಬಣ್ಣ ಒಂದೊಂದೇ ಫುಲ್ ಸ್ಕ್ರೀನ್ ಹಾಕಿಸಿ ಚುಕ್ಕೆ ಗೆರೆ ಇದ್ಯಾ ನೋಡಿ ತಗೋ.

ಎಸ್‌ಪಿ ರೋಡಿಗೇ ಹೋಗು. ನಾನು ನನ್ನ ಕಂಪ್ಯೂಟರ್ ಪಾರ್ಟ್ಸ್ ಅಲ್ಲೇ ತಂದು ಮನೇಲಿ ನಾನೇ ಜೋಡಿಸಿದ್ದು, ಹೆಣ್ಣುಮಗಳು ಅಂತ ಅಂಗಡಿಯವ್ರು ಮೊದ್ಲು ನನ್ ಜೊತೆ ಬಂದ ತಮ್ಮನ ಮುಖ ನೋಡೇ ಮಾತಾಡ್ತಿದ್ರು, ಮಾಡೆಲ್ ನಂಬರ್ ಹೇಳಿ ಕೇಳೋಕೆ ಶುರು ಮಾಡಿದ್ಮೇಲೆ ನನ್ ಕಡೆ ತಿರುಗಿದ್ರು. ಅಲ್ಲಿ ಮಾಡೆಲ್ ನಂಬರೇ ಮಾತು. ರೈಲಲ್ಲಿ ಹೋದ್ರೆ ಮೆಜೆಸ್ಟಿಕ್ ಇಳಿದು ಮೆಟ್ರೋ ಗ್ರೀನ್ ಲೈನ್ ಹತ್ತು, ಚಿಕ್ಕಪೇಟೆ ಆದ್ಮೇಲೆ ಕೆ.ಆರ್. ಮಾರ್ಕೆಟ್, ಅಲ್ಲಿಂದ ನಡೆದೇ ಹೋಗ್ಬಹುದು. ಬಸ್ಸಲ್ಲಾದ್ರೆ ಗೊರಗುಂಟೆಪಾಳ್ಯದಲ್ಲೇ ಇಳ್ಕೊಂಡ್ರೆ ಅದೇ ಗ್ರೀನ್ ಲೈನು. ಭಾನುವಾರ ಹೋಗ್ಬೇಡ, ಬಹಳ ಅಂಗಡಿ ಬಾಗ್ಲು ಹಾಕಿರ್ತವೆ. ಮೊದಲನೇ ಅಂಗಡೀಲೇ ತಗೋಬೇಡ, ಒಂದು ಸುತ್ತು ರೇಟ್ ಕೇಳ್ಕೊಂಡು ಬಾ, ತಿರುಗಿ ಬರ್ತೀನಿ ಅಂದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಅಂಗಡೀಲಿ ಸೆಟ್ ಆನ್ ಮಾಡ್ಸಿ ಟಾಸ್ಕ್ ಮ್ಯಾನೇಜರ್ ತೆಗಿ. ಪರ್ಫಾರ್ಮೆನ್ಸ್ ಪೇಜಲ್ಲಿ ಪ್ರೊಸೆಸರ್ ಪೂರ್ತಿ ಹೆಸ್ರು ಬರುತ್ತೆ, 8500 ಅಂತಾನೇ ಇರ್ಬೇಕು. ಮೆಮೊರಿ ಒತ್ತಿದ್ರೆ ಎಷ್ಟು ಸ್ಲಾಟಲ್ಲಿ ಎಷ್ಟು ತುಂಬಿದೆ ಅಂತ ತೋರಿಸುತ್ತೆ, 16 ಜಿಬಿ ಎರಡು ಎಂಟು ಆಗಿದ್ರೆ ಒಳ್ಳೇದು. ಪೆನ್‌ಡ್ರೈವಲ್ಲಿ ಕ್ರಿಸ್ಟಲ್ ಡಿಸ್ಕ್ ಇನ್ಫೋ ಹಾಕ್ಕೊಂಡು ಹೋಗು, ಎಸ್‌ಎಸ್‌ಡಿ ಎಷ್ಟು ಗಂಟೆ ಓಡಿದೆ, ಹೆಲ್ತ್ ಎಷ್ಟು ಉಳಿದಿದೆ ಎರಡೂ ಹೇಳುತ್ತೆ. ಡೆಲ್ ಆದ್ರೆ ಸರ್ವೀಸ್ ಟ್ಯಾಗ್ ನಂಬರನ್ನ ಡೆಲ್ ವೆಬ್‌ಸೈಟಲ್ಲಿ ಹಾಕಿ ನೋಡು, ಆ ಸೆಟ್ ಯಾವಾಗ ಹೊರಗೆ ಬಂದಿದ್ದು ಅಂತ ಗೊತ್ತಾಗುತ್ತೆ. ಬಯೋಸ್ ಒಳಗೆ ಹೋಗಿ ತೋರ್ಸೋಕೆ ಹೇಳು, ಪಾಸ್‌ವರ್ಡ್ ಕೇಳಿದ್ರೆ ಆ ಸೆಟ್ ಬೇಡ, ಹಳೇ ಕಂಪ್ನಿಯವ್ರು ಹಾಕಿದ್ದು ತೆಗ್ದಿಲ್ಲ ಅಂತ ಅರ್ಥ. ಯುಎಸ್‌ಬಿ ಪೋರ್ಟ್ ಎಲ್ಲಾದ್ರಲ್ಲೂ ಪೆನ್‌ಡ್ರೈವ್ ಹಾಕಿ ನೋಡು, ನಾಚ್ಕೋಬೇಡ. ಜಿಎಸ್‌ಟಿ ಬಿಲ್ಲು, ಅದ್ರ ಮೇಲೆ ಸೀರಿಯಲ್ ನಂಬರ್, ಎಷ್ಟು ತಿಂಗಳು ವಾರಂಟಿ ಅಂತ ಬರೆಸ್ಕೋ, ಬಾಯಿ ಮಾತು ಲೆಕ್ಕಕ್ಕಿಲ್ಲ. ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೀನಿ ಅಂತಾರೆ, ಒಪ್ಪಬೇಡ.

ಇನ್ನೊಂದು, ಈ ಆಫೀಸ್ ಸೆಟ್‌ಗಳಲ್ಲಿ ವೈಫೈ ಬಹಳಷ್ಟರಲ್ಲಿ ಇರಲ್ಲ. ಫೋನನ್ನ ಕೇಬಲ್ ಹಾಕಿ ಯುಎಸ್‌ಬಿ ಟೆಥರಿಂಗ್ ಮಾಡಿದ್ರೆ ಸಾಕು, ಡಾಂಗಲ್ ಆಮೇಲೆ ತಗೋ. ಮನೆಗೆ ತಂದ್ಮೇಲೆ ಮುಚ್ಚಳ ತೆಗ್ದು ಧೂಳು ಹೊಡಿ, ಫ್ಯಾನನ್ನ ಬೆರಳಲ್ಲಿ ಹಿಡ್ಕೊಂಡು ಬ್ರಷ್ ಮಾಡು, ಹೀಟ್‌ಸಿಂಕ್ ಕೆಳಗಿನ ಪೇಸ್ಟ್ ಒಣಗಿರುತ್ತೆ, ಹಳೇದನ್ನ ಒರೆಸಿ ಹೊಸದು ಹಚ್ಚು. ಹೊಸ ಸೆಟ್ ಜೋಡಿಸೋಕೆ ಆಗ್ಲಿಲ್ಲ ಅಂತ ಬೇಜಾರು ಬೇಡ, ಒಳಗೆ ಯಾವ್ದು ಎಲ್ಲಿದೆ ಅಂತ ಕಲಿಯೋಕೆ ಇದೇ ಸಾಕು, ಬಿಚ್ಚಿ ಹಾಕಿ ಮಾಡು, ಹೆದರ್ಬೇಡ.

ನಿಟ್ಟೂರು_ಹುಡುಗ

ಅಕ್ಕ, ಇದನ್ನ ಪೂರ್ತಿ ನೋಟ್ ಬುಕ್ಕಲ್ಲಿ ಬರ್ಕೊಂಡೆ. ಶನಿವಾರ ಹೋಗ್ತಾ ಇದೀನಿ, ಮಾವನೂ ಬರ್ತೀನಿ ಅಂದಿದಾರೆ. ವೈರ್‌ಮ್ಯಾನ್ ಬಂದು ನೋಡಿದ್ರು, ಅರ್ತ್ ವೈರ್ ಮೀಟರ್ ಬೋರ್ಡ್ ಹತ್ರಾನೇ ಕಟ್ ಆಗಿತ್ತಂತೆ, ಹೊಸ ಗುಂಡಿ ತೆಗೀತಾ ಇದಾರೆ, ಅದನ್ನ ಈ 30ರಲ್ಲಿ ಸೇರ್ಸಲ್ಲ ಅಂದ್ರು ಅಪ್ಪ. ಒಂದೇ ಒಂದು ಉಳಿದಿದೆ, ಆಂಡ್ರಾಯ್ಡ್ ಸ್ಟುಡಿಯೋ ಎಮ್ಯುಲೇಟರ್‌ಗೆ ಬಯೋಸಲ್ಲಿ ಏನೋ ಆನ್ ಮಾಡ್ಬೇಕು ಅಂತ ಸೀನಿಯರ್ ಹೇಳಿದ್ರು, ಏನದು?

ಶಿಡ್ಲಘಟ್ಟ_ರೇಷ್ಮೆ

ವರ್ಚುವಲೈಸೇಶನ್, ಒಂದು ಕಂಪ್ಯೂಟರ್ ಒಳಗೆ ಇನ್ನೊಂದನ್ನ ಓಡ್ಸೋಕೆ ಪ್ರೊಸೆಸರಲ್ಲಿರೋ ಸೌಲಭ್ಯ. ಆಫೀಸ್ ಸೆಟ್‌ಗಳಲ್ಲಿ ಒಂದೊಂದ್ ಸಲ ಆಫ್ ಮಾಡಿರ್ತಾರೆ. ಡೆಲ್‌ನಲ್ಲಿ ಆನ್ ಆಗ್ತಿದ್ದಂಗೆ ಎಫ್2 ಒತ್ತಿದ್ರೆ ಬಯೋಸ್, ಒಳಗೆ ವರ್ಚುವಲೈಸೇಶನ್ ಸಪೋರ್ಟ್ ಅಂತಾನೇ ಇರುತ್ತೆ, ಟಿಕ್ ಹಾಕಿ ಸೇವ್ ಮಾಡು. ರೈಝೆನ್ ತಗೊಂಡವ್ರಿಗೆ ಅದೇ ಎಸ್‌ವಿಎಂ ಅನ್ನೋ ಹೆಸ್ರಲ್ಲಿ ಇರುತ್ತೆ. ಆನ್ ಆಗಿದ್ಯಾ ಅಂತ ಟಾಸ್ಕ್ ಮ್ಯಾನೇಜರಲ್ಲಿ ಸಿಪಿಯು ಪೇಜಲ್ಲೇ ಕಾಣುತ್ತೆ, ಅಂಗಡೀಲೇ ನೋಡ್ಕೋ.

ಒಂದ್ ವೇಳೆ 8 ಜಿಬಿ ಸೆಟ್ಟೇ ಸಿಕ್ಕಿದ್ರೆ, 16 ಆಗೋವರ್ಗೂ ಎಮ್ಯುಲೇಟರ್ ಮುಟ್ಟಬೇಡ. ನಿನ್ ಫೋನಲ್ಲೇ ಡೆವಲಪರ್ ಆಪ್ಷನ್ಸ್ ಆನ್ ಮಾಡಿ ಯುಎಸ್‌ಬಿ ಡಿಬಗ್ಗಿಂಗ್ ಹಾಕು, ಆಪ್ ಸೀದಾ ಫೋನಲ್ಲೇ ಓಡುತ್ತೆ, ಕಂಪ್ಯೂಟರ್ ಮೇಲೆ ಭಾರಾನೇ ಬೀಳಲ್ಲ. ಶನಿವಾರ ಯಾವ ಮಾಡೆಲ್ ಸಿಕ್ತು, ಎಷ್ಟಕ್ಕೆ ಅಂತ ಇಲ್ಲೇ ಹಾಕು, ಚಿಂತಾಮಣಿ ಕಡೆ ಇಬ್ರು ಹುಡುಗ್ರು ಇದೇ ಪ್ರಶ್ನೆ ಕೇಳಿದಾರೆ, ಅವ್ರಿಗೂ ಬೇಕು.